ಅಥ ಎಂಬ ಅವ್ಯಯ

ಬ್ರಹ್ಮಸೂತ್ರಗಳ ಮೊಟ್ಟಮೊದಲ ಶಬ್ದವಾದ 'ಅಥ' ಎಂಬ ಪುಟ್ಟ ಅವ್ಯಯಕ್ಕಾಗಿ ನಮ್ಮ ಆಚಾರ್ಯರು ವ್ಯಯಿಸಿದಷ್ಟು ವಿಚಾರಶಕ್ತಿಯನ್ನು ಎರಡಕ್ಷರದ ಮತ್ತಾವ ಪದಕ್ಕೂ ಯಾರೂ ವ್ಯಯಿಸಿರಲಾರರು. ಅದರ ಅರ್ಥ 'ಅನಂತರ' ಎಂಬಲ್ಲಿ ಶಂಕರರಿಗೂ ರಾಮಾನುಜರಿಗೂ ಭಿನ್ನಮತವಿಲ್ಲ. ಯಾವುದರ ಅನಂತರ ಎಂಬಲ್ಲಿ ಹಾದಿ ಕವಲೊಡೆಯುತ್ತದೆ. ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಎಂಬ ನಾಲ್ಕು ಸಾಧನಗಳು ಕೈಗೂಡಿದ ಅನಂತರ ಎಂದರು ಶಂಕರರು. ಅದಕ್ಕೆ ಮೊದಲು ಕರ್ಮವಿಚಾರ ಆಗಿಯೇ ತೀರಬೇಕೆಂಬ ನಿರ್ಬಂಧ ಅವರಲ್ಲಿಲ್ಲ. ಹಾಗಲ್ಲ, ಕರ್ಮವಿಚಾರವನ್ನು ಮುಗಿಸಿ, ಕೇವಲ ಕರ್ಮದ ಫಲ ಅಲ್ಪವೂ ಅಸ್ಥಿರವೂ ಆದುದೆಂದು ಮನಗಂಡ ಅನಂತರ ಎಂದರು ರಾಮಾನುಜರು. ಈ ವಿವಾದವು ಪಾಠಶಾಲೆಯ ಪಡಸಾಲೆಯನ್ನು ಬಿಟ್ಟು ಹೊರಗೆ ಕಾಲಿಡತಕ್ಕದ್ದಲ್ಲವೆಂದು ತಿಳಿದಿದ್ದ ನನಗೆ, 34ನೆಯ ವಯಸ್ಸಿನಲ್ಲಿ ಗುಮಾಸ್ತಗಿರಿಯನ್ನು ಬಿಟ್ಟು ಬೆಳಗಾವಿಯಲ್ಲಿ ಕಾನೂನಿನ ವಿದ್ಯಾರ್ಥಿಯಾಗಿ ಹಿಂದಿನ ಬೆಂಚಿನಲ್ಲಿ ಕುಳಿತ ದಿನದಿಂದ ಅದು ನನ್ನದೇ ದಾವೆಯಾಗಿ ಪರಿಣಮಿಸಿತು.

ನಾನು ನೋಡಿಕೊಳ್ಳುತ್ತಿದ್ದುದು ಭೂಸ್ವಾಧೀನದ ಕಡತಗಳನ್ನು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟಿನಲ್ಲಿ ನೀರು ನಿಲ್ಲುತ್ತ ಬಂದಂತೆ ಬೀಳಗಿ ತಾಲೂಕಿನ ಎಷ್ಟೋ ಎರೆಹೊಲಗಳು ಹಿನ್ನೀರಿನೊಳಗೆ ಇಳಿದುದನ್ನು ನಮ್ಮ ಸೀಮೆಯವರೆಲ್ಲರೂ ಕಣ್ಣಾರೆ ಕಂಡಿದ್ದಾರೆ, ಜಲಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಾಧಿಕರಣವು ಸಮ್ಮತಿಸಿದ ಮೇಲಂತೂ, ಮುಂದೆ ಹೋಗಬೇಕಾದ ಹೊಲಗಳ ಮಾತೇ ಕಟ್ಟೆಗಟ್ಟೆಯಲ್ಲಿ. ಒಂದು ಮಧ್ಯಾಹ್ನ ಬೀಳಗಿಯ ಕಡೆಯ ಮುದುಕರೊಬ್ಬರು ಪ್ಲಾಸ್ಟಿಕ್ ಚೀಲದೊಳಗಿಂದ, ಮಡಿಕೆ ಮಡಿಕೆಗೂ ಹರಿಯುತ್ತಿದ್ದ ಹಳೆಯ ಉತಾರವನ್ನು ತೆಗೆದು ನನ್ನ ಮೇಜಿನ ಮೇಲೆ ಹರವಿ, ಅಂಗೈಯಿಂದ ಸವರಿ, "ಸಾಹೇಬರ, ಹೊಲಾ ನೀರಾಗ ಐತಿ, ಹೆಸರು ಕಾಗದದಾಗ ಐತಿ. ಎರಡರಾಗ ನಂದು ಯಾವುದ್ರಿ?" ಎಂದು ಕೇಳಿದರು. "ನಿಯಮದ ಪ್ರಕಾರ ಪರಿಹಾರ ಆಗೈತ್ರಿ ಅಜ್ಜಾರ" ಎಂದೆನು. ಅದು ಉತ್ತರವಲ್ಲವೆಂದು ಅವರಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ಉತಾರವನ್ನು ಮೊದಲಿನ ಮಡಿಕೆಗಳಲ್ಲಿಯೇ ಮಡಿಚಿಕೊಂಡು ಅವರು ಹೊರಟುಹೋದರು. ಪಕ್ಕದ ಮೇಜಿನ ಗೆಳೆಯನು ಅದೇ ಮಾತನ್ನು ಅದೇ ಕಿವಿಯಿಂದೆಂಬಂತೆ ಕೇಳಿದ್ದವನು, ಎದ್ದು ನನ್ನನ್ನು ಚಹಾಕ್ಕೆ ಕರೆದನು.

ನೌಕರಿ ಬಿಡುವೆನೆಂದಾಗ ಜಮಖಂಡಿಯ ನಮ್ಮ ಮನೆಯಲ್ಲಿ ಎದ್ದ ಆಕ್ಷೇಪಣೆಗಳನ್ನೆಲ್ಲ ಬರೆಯಲಾರೆ. "ಮಕ್ಕಳನ್ನ ಸಾಲಿಗೆ ಹಚ್ಚೂ ವಯಸ್ಸಿನ್ಯಾಗ ನೀನ ಸಾಲಿಗೆ ಹೊಂಟೀ ಏನೋ ಯಪ್ಪಾ?" ಎಂದಳು ತಾಯಿ. ಸಾವಳಗಿಯ ಬಿ. ಡಿ. ಜತ್ತಿಯವರು ಕೊಲ್ಲಾಪುರದಲ್ಲಿ ಕಾನೂನನ್ನು ಓದಿ, ಜಮಖಂಡಿಯಲ್ಲಿ ವಕೀಲಿ ಮಾಡಿ, ಉಪರಾಷ್ಟ್ರಪತಿಗಳಾಗಲಿಲ್ಲವೆ ಎಂದು ನೆರೆಯವರು ಸಮಾಧಾನ ಹೇಳಹೋದರೆ, ಅವರು ಓದಿದುದು ಓದುವ ವಯಸ್ಸಿನಲ್ಲಿ ಎಂಬುದನ್ನು ಆಕೆ ಮರೆಯಲೊಲ್ಲಳು. ಕಾಯಕವೇ ದೊಡ್ಡದೆಂದು ಸಾರಿದ ಶರಣರ ನಾಡಿನಲ್ಲಿ, ಹಿಡಿದ ಕಾಯಕವನ್ನು ನಡುದಾರಿಯಲ್ಲಿ ಇಳಿಸುವವನನ್ನು ಜನ ಸೋಮಾರಿಯೆಂದೇ ಮೊದಲು ಶಂಕಿಸುವುದು ಸಹಜ. ನಾನೂ ಮತ್ತೊಬ್ಬನನ್ನು ಹಾಗೆಯೇ ಶಂಕಿಸುತ್ತಿದ್ದೆನು.

ಬೆಳಗಾವಿಯಲ್ಲಿ ನನ್ನನ್ನು ಬಾಧಿಸಿದುದು ವಯಸ್ಸಲ್ಲ, ಕಣ್ಣಿನ ಅಭ್ಯಾಸ. ಕಚೇರಿಯಲ್ಲಿ ಕಡತವನ್ನು ನಾನು ಹಿಂದಿನಿಂದ ಓದುತ್ತಿದ್ದೆನು. ಕಟ್ಟಕಡೆಯ ಆದೇಶದ ಎರಡು ಸಾಲು ಕಂಡರೆ ಮಿಕ್ಕುದೆಲ್ಲ ಹೊಟ್ಟು. ಈ ಅಭ್ಯಾಸವನ್ನು ಹೊತ್ತುಕೊಂಡು ಹೋದವನು, ಕೇಶವಾನಂದ ಭಾರತಿ ಮೊಕದ್ದಮೆಯಲ್ಲಿ ಏನಾಯಿತೆಂದು ಕೇಳಿದಾಗ, "ಸ್ವಾಮಿಗಳು ಗೆದ್ದರು" ಎಂದು ಠಸ್ಸೆ ಒತ್ತಿದಂತೆ ಉತ್ತರಿಸಿ, ತಮ್ಮಂದಿರ ವಯಸ್ಸಿನ ಸಹಪಾಠಿಗಳ ನಗೆಗೆ ಪಾತ್ರನಾದೆನು. ಕಾಸರಗೋಡಿನ ಎಡನೀರು ಮಠದ ಆ ಯತಿಗಳು ಮಠದ ಭೂಮಿಯ ಸಲುವಾಗಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 13 ಮಂದಿ ನ್ಯಾಯಾಧೀಶರು 68 ದಿನಗಳ ವಾದವನ್ನು ಕೇಳಿ, 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಕೆಡಿಸಲಾಗದೆಂದು ಏಳು ಆರರ ಬಹುಮತದಿಂದ ನಿರ್ಣಯಿಸಿದರು. ಆದರೆ ಕೇರಳದ ಭೂಸುಧಾರಣೆಯ ತಿದ್ದುಪಡಿ ಕಾಯಿದೆಗಳಿಗೆ ರಕ್ಷೆ ಕಟ್ಟಿದ್ದ 29ನೆಯ ತಿದ್ದುಪಡಿ ಊರ್ಜಿತವಾಗಿಯೇ ಉಳಿಯಿತು. ಯಾವ ಹೊಲಕ್ಕಾಗಿ ಹೋದರೋ ಆ ಹೊಲಕ್ಕೆ ಬೇಡಿದ ರಕ್ಷಣೆ ಸಿಕ್ಕಲಿಲ್ಲ. ಕೇಳದಿದ್ದ ತತ್ತ್ವವೊಂದು ದೇಶಕ್ಕೆಲ್ಲ ದೊರೆಯಿತು. ನಾನಾಗಿದ್ದರೆ ಆ ಕಡತದ ಮೇಲೆ 'ವಿಲೇವಾರಿ' ಎಂದು ಬರೆದು ಕಟ್ಟಿಡುತ್ತಿದ್ದೆನು.

ಶಾಂಕರಪರಂಪರೆಯ ಯತಿಗಳೊಬ್ಬರ ದಾವೆಯು ರಾಮಾನುಜರ ಪಕ್ಷಕ್ಕೆ ಸಾಕ್ಷ್ಯ ನುಡಿಯುವ ಈ ವಿನೋದವನ್ನು ಆ ರಾತ್ರಿ ಕೋಣೆಯಲ್ಲಿ ಒಬ್ಬನೇ ಸವಿದೆನು: ಫಲವನ್ನು ಬಯಸಿ ಕರ್ಮದ ದಾರಿ ಹಿಡಿದಲ್ಲದೆ, ಆ ಫಲ ಕೈಜಾರಿದಲ್ಲದೆ, ಜಿಜ್ಞಾಸೆ ತಲೆಯೆತ್ತುವುದಿಲ್ಲವಷ್ಟೆ? ಹತ್ತು ವರ್ಷ ಉತಾರಗಳ ಧೂಳು ಕುಡಿಯದಿದ್ದರೆ, ಸ್ವತ್ವವೆಂದರೇನು ಎಂಬ ಪ್ರಶ್ನೆ ನನಗೆ ಪರೀಕ್ಷೆಯ ಐದು ಅಂಕವಾಗಿರುತ್ತಿತ್ತು. ಈಗ ಅದಕ್ಕೊಬ್ಬ ಅಜ್ಜನ ಮುಖವಿದೆ. ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆಯುತ್ತ, ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ವಾದಿಸಿದುದನ್ನು ಓದುವಾಗ, ನೀರಿನೊಳಗೆ ಹೋದ ಹೊಲಕ್ಕೆ ಹುಟ್ಟಿದ ಮಗನಿಗೆ ಹುಟ್ಟಿನಿಂದ ಬಂದುದೇನು ಎಂದು ತಡೆದು ನಿಲ್ಲುತ್ತೇನೆ. ಸಹಪಾಠಿಗಳು ಆ ಪುಟವನ್ನು ದಾಟಿ ಎಂದೋ ಮುಂದೆ ಹೋಗಿರುತ್ತಾರೆ.

ಆದರೆ ಪಕ್ಕದ ಮೇಜಿನ ಗೆಳೆಯನನ್ನು ಏನು ಮಾಡುವುದು? ಅವನ ಕರ್ಮ ನನ್ನದಕ್ಕಿಂತ ನಾಲ್ಕು ವರ್ಷ ಹೆಚ್ಚಿನದು, ನನ್ನದಕ್ಕಿಂತ ಶುದ್ಧವಾದುದು. ಅವನ ಕಡತದಲ್ಲಿ ಒಂದು ಚಿತ್ತಿಲ್ಲ. ಅವನಲ್ಲಿ ಯಾವ 'ಅಥ'ವೂ ಮೂಡಲಿಲ್ಲ. ಕರ್ಮವೇ ಕಾರಣವಾಗಿದ್ದರೆ ಅವನು ನನಗಿಂತ ಮೊದಲು ಎದ್ದು ಹೋಗಬೇಕಾಗಿತ್ತು. ಇಲ್ಲಿ ಶಂಕರರ ಮಾತಿಗೆ ತಲೆಬಾಗದೆ ವಿಧಿಯಿಲ್ಲ. ಮೇಲಾಗಿ, ಕಳೆದ ಹತ್ತು ವರ್ಷ ದಂಡವಾಗಲಿಲ್ಲವೆಂದು ಯಾರಾದರೂ ಹೇಳಲಿ ಎಂಬ ಆಸೆ ನನಗೆ ಬಲವಾಗಿದೆ. ಆದುದರಿಂದ ರಾಮಾನುಜರ ಪಕ್ಷದಲ್ಲಿ ನಾನು ಹಿತಸಂಬಂಧವುಳ್ಳ ಸಾಕ್ಷಿ, ನನ್ನ ಮಾತನ್ನು ಎಚ್ಚರಿಕೆಯಿಂದ ಸ್ವೀಕರಿಸತಕ್ಕದ್ದು.

ದೀಪಾವಳಿಯ ರಜೆಯಲ್ಲಿ ಬನಹಟ್ಟಿಗೆ ಕಾಕಾನ ಮನೆಗೆ ಹೋಗಿದ್ದೆನು. ರಬಕವಿ ಬನಹಟ್ಟಿಗಳ ಓಣಿಗಳಲ್ಲೆಲ್ಲ ಪಾವರ್‌ಲೂಮುಗಳ ಸದ್ದು ತುಂಬಿದ್ದರೂ ಕಾಕಾ ಇನ್ನೂ ಕುಣಿಮಗ್ಗವನ್ನು ಬಿಟ್ಟಿಲ್ಲ. ಹಳೆಯ ಹಾಸು ತೀರಿ ಹೊಸದನ್ನು ಏರಿಸುವ ದಿನ ಅದು. ಮಗ್ಗದಲ್ಲಿ ಉಳಿದಿದ್ದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು, ಒಂದೊಂದಾಗಿ ಕೆಚ್ಚುತ್ತ ಕುಳಿತಿದ್ದರು. ಸಾವಿರಾರು ಎಳೆ, ತಲೆಯೆತ್ತಿ ನೋಡುವಂತಿಲ್ಲ. ಹಳೆಯ ಎಳೆಗಳೇ ಹೊಸವನ್ನು ಹಣಿಗೆಯೊಳಗಿಂದ ಎಳೆದು ತರುತ್ತವೆ. ಅವಿಲ್ಲದಿದ್ದರೆ ಮೊದಲಿಂದ ಪೋಣಿಸಬೇಕು. ಸಂಜೆ ನೇಯ್ಗೆ ತೊಡಗಿ, ಕೂಡಿಸಿದ ಗಂಟುಗಳೆಲ್ಲ ಈಚೆಗೆ ಬಂದ ಮೇಲೆ, ಕಾಕಾ ಕತ್ತರಿ ತೆಗೆದುಕೊಂಡು ಆ ಗೇಣಗಲದ ಗಂಟುಗಂಟಾದ ಬಟ್ಟೆಯನ್ನು ಕತ್ತರಿಸಿ ಬದಿಗೆಸೆದರು.

"ಇದನ್ನ ಏನ್ ಮಾಡ್ತೀರಿ ಕಾಕಾ?"

"ಏನ್ ಮಾಡೂದು? ಮಗ್ಗಾ ಒರಸಾಕ ಆಕ್ಕೈತಿ" ಎಂದು ಲಾಳಿಯನ್ನು ಎತ್ತಿಕೊಂಡರು.

ಮರುದಿನ ಸಾಕ್ಷ್ಯ ಕಾಯಿದೆಯ ಪಾಠವಿತ್ತು. ಬೆಳಗಾವಿಯ ಬಸ್ಸನ್ನು ಹಿಡಿಯಲು ನಾನು ಬೇಗನೆ ಎದ್ದೆನು.