ಬ್ಯಾಡ ಅನ್ನದ ಹೆಣ್ಣು

ನಮ್ಮ ವಾಚನಾಲಯದ ಕಟ್ಟೆ ಮೇಲೆ ಬೆಳಗಿನ ಹೊತ್ತು ಪೇಪರ್ ಓದಿ ಹೇಳುವ ವಾಡಿಕೆ ಇದೆ. ಒಬ್ಬರು ಓದುತ್ತಾರೆ, ಐದಾರು ಜನ ಕೇಳುತ್ತೇವೆ, ಹತ್ತು ಜನ ಮಾತಾಡುತ್ತೇವೆ. 2025ರ ಜುಲೈನಲ್ಲಿ ಒಂದು ಸುದ್ದಿ ಬಂತು. ಓದುತ್ತಿದ್ದ ಮೇಷ್ಟ್ರು ಅರ್ಧಕ್ಕೇ ದನಿ ತಗ್ಗಿಸಿದರು, ಯಾಕಂದರೆ ಪಕ್ಕದ ನಲ್ಲಿ ಹತ್ತಿರ ಹೆಣ್ಣುಮಕ್ಕಳು ಕೊಡ ಹಿಡಿದು ನಿಂತಿದ್ದರು.

ಸುದ್ದಿ ಇದು. ಅಸ್ಸಾಂ ರಾಜ್ಯದಲ್ಲಿ ಇಂಜಿನಿಯರಿಂಗ್ ಓದಿದ ಒಬ್ಬ ಗಂಡಸು, ತನಗೆ ಹಿಂದೆ ಪರಿಚಯವಿದ್ದು ಆಮೇಲೆ ದೂರವಾದ ಹೆಣ್ಣುಮಗಳ ಫೋಟೋ ಇಟ್ಟುಕೊಂಡು, ಎಐ ಅನ್ನೋ ಯಂತ್ರಬುದ್ಧಿಯಿಂದ ಅವಳದೇ ಮುಖದ ಕಾಮದ ಚಿತ್ರ, ವಿಡಿಯೋ ಮಾಡಿ ಇನ್‌ಸ್ಟಾಗ್ರಾಂಗೆ ಬಿಟ್ಟಿದ್ದ. 14 ಲಕ್ಷ ಜನ ಬೆನ್ನು ಹತ್ತಿದರು. ಇನ್ನೂ ಹೆಚ್ಚಿನದು ಬೇಕು ಅನ್ನೋರು ದುಡ್ಡು ಕಟ್ಟಬೇಕು. ಹಂಗೆ ಸುಮಾರು 10 ಲಕ್ಷ ರೂಪಾಯಿ ದುಡಿದಿದ್ದ ಅಂತ ಪೊಲೀಸರು ಹೇಳಿದರು. ಆಕೆ ಮದುವೆಯಾಗಿ ತನ್ನ ಪಾಡಿಗೆ ಸಂಸಾರ ಮಾಡಿಕೊಂಡಿದ್ದವಳು. ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ದೇಶವೇ ನೋಡಿ ಆಗಿತ್ತು.

ಅವನು ಮಾಡಿದ್ದು ತಪ್ಪು ಅನ್ನೋದರಲ್ಲಿ ಕಟ್ಟೆಯಲ್ಲಿ ಎರಡು ಮಾತಿರಲಿಲ್ಲ. ಆಗ ಮೊಬೈಲ್ ರಿಪೇರಿ ಮಾಡುವ ಒಬ್ಬ ಹುಡುಗ ಬಾಯಿ ಹಾಕಿದ: "ಅದು ತಪ್ಪೇ ತಾತ. ಆದ್ರೆ ಯಾರ ಮುಖನೂ ಅಲ್ಲದ ಹೆಣ್ಣನ್ನ ಯಂತ್ರನೇ ಹುಟ್ಟಿಸಿದ್ರೆ? ಅವಳಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ, ಊರಿಲ್ಲ. ಅವಳ ಬ್ಲೂ ಫಿಲಂ ಮಾರಿದ್ರೆ ಯಾರಿಗೆ ನಷ್ಟ? ನಿಜವಾದ ಹೆಣ್ಣುಮಕ್ಕಳು ಆ ಕೆಸರಿಗೆ ಇಳಿಯೋದು ತಪ್ಪುತ್ತಲ್ಲ."

ಯಾರೂ ಉತ್ತರ ಹೇಳಲಿಲ್ಲ. ಮೇಷ್ಟ್ರು ಪೇಪರ್ ಮಡಚಿಟ್ಟರು. ನನಗೂ ಅವತ್ತು ಉತ್ತರ ಹೊಳೆಯಲಿಲ್ಲ. ಹುಡುಗ ಕೇಳಿದ್ದು ಉಡಾಫೆಯ ಮಾತಲ್ಲ. ಕಡ್ಲೆಕಾಯಿ ಗಿಡದ ಕಳೆ ಕೀಳುತ್ತಾ, ಮೋಟರ್ ಹಾಕಿ ಕರೆಂಟಿಗೆ ಕಾಯುತ್ತಾ ಇದನ್ನೇ ಯೋಚನೆ ಮಾಡಿದ್ದೇನೆ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ನಾನು ಮಡಿವಂತನಲ್ಲ. ಭಜನೆ, ತತ್ವಪದ, ಕೋಲಾಟದ ಪದ ಹಾಡುವ ಬಾಯಲ್ಲೇ ಪೋಲಿ ಪದಗಳನ್ನೂ ಹಾಡಿದ್ದೇನೆ. ಕಾಮನ ಹುಣ್ಣಿಮೆಯಲ್ಲಿ ಅವಿಲ್ಲದೆ ಬೆಂಕಿಯೇ ಹತ್ತೋದಿಲ್ಲ. ಮದುವೆ ಮನೆಯಲ್ಲಿ ಬೀಗರನ್ನು ಹಂಗಿಸುವ ಹೆಂಗಸರ ಪದ ಕೇಳಿದರೆ ಗಂಡಸರೇ ಎದ್ದು ಹೋಗಬೇಕು, ಅಷ್ಟು ಬಿಚ್ಚುಮಾತು. ಆದ್ದರಿಂದ ಕಾಮದ ಮಾತೇ ಕೊಳಕು ಅನ್ನೋದಕ್ಕೆ ನನಗೆ ಬಾಯಿಲ್ಲ.

ಇಲ್ಲದ ಹೆಣ್ಣನ್ನು ಹುಟ್ಟಿಸೋದೂ ನಮಗೆ ಹೊಸದಲ್ಲ. ಬಯಲಾಟದಲ್ಲಿ ಮೀಸೆ ಬೋಳಿಸಿಕೊಂಡ ಗಂಡಸು ಸೀರೆ ಉಟ್ಟು ಗೆಜ್ಜೆ ಕಟ್ಟಿ ಬಂದರೆ, ಬೆಳಗಿನ ಜಾವದವರೆಗೆ ಹುಡುಗರು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಹೊತ್ತು ಹುಟ್ಟಿದರೆ ಅದೇ ದ್ರೌಪದಿ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಿದ್ದಳು! ಆ ಹೆಣ್ಣೂ ಎಲ್ಲೂ ಇರಲಿಲ್ಲ, ಯಾರಿಗೂ ನಷ್ಟವಾಗಲಿಲ್ಲ. ಹುಡುಗನ ಮಾತಿಗೆ ಇದು ಸಾಕ್ಷಿ ಅಂತಲೇ ಮೊದಲು ಅನ್ನಿಸಿತು. ಆಮೇಲೆ ಒಂದು ಜ್ಞಾಪಕಕ್ಕೆ ಬಂತು. ಯಾರೋ ಕುಡಿದು ರಂಗಕ್ಕೆ ಹತ್ತಿ ಸೆರಗು ಎಳೆದರೆ, ವೇಷದೊಳಗಿನ ಮನುಷ್ಯ ಕಪಾಳಕ್ಕೆ ಕೊಡುತ್ತಿದ್ದ. ಹೆಣ್ಣು ಸುಳ್ಳು, ಕಪಾಳದ ಏಟು ಸುಳ್ಳಲ್ಲ.

ನನ್ನ ನಡುವಯಸ್ಸಿಗೆ ಜಾತ್ರೆಗಳಿಗೆ ರೆಕಾರ್ಡ್ ಡ್ಯಾನ್ಸ್ ಬಂತು. ಸಿನಿಮಾ ಹಾಡು ಹಾಕಿ ಹೆಣ್ಣುಮಕ್ಕಳನ್ನು ಕುಣಿಸೋದು. ರಾತ್ರಿ ಹನ್ನೆರಡು ದಾಟಿದ ಮೇಲೆ ಬಟ್ಟೆ ಕಮ್ಮಿಯಾಗುತ್ತಿತ್ತು, ಜನ ಜಾಸ್ತಿಯಾಗುತ್ತಿದ್ದರು. ಒಂದು ಜಾತ್ರೆಯಲ್ಲಿ ನಮ್ಮ ಭಜನೆ ಮುಗಿಸಿ ಹಾರ್ಮೋನಿಯಂ ಹೊತ್ತುಕೊಂಡು ಸ್ಟೇಜಿನ ಹಿಂದೆ ಹೋದೆ. ಅಲ್ಲಿ ಒಬ್ಬಳು ಮಿಣಮಿಣ ಮಿಂಚುವ ಬಟ್ಟೆಯ ಮೇಲೆ ಟವೆಲ್ ಹೊದ್ದುಕೊಂಡು ಕೂಸಿಗೆ ಹಾಲು ಕೊಡುತ್ತಿದ್ದಳು. ಕಂಟ್ರಾಕ್ಟರ್ ಬಂದು ಇನ್ನೊಂದು ಹಾಡಿಗೆ ಹತ್ತು ಅಂದ. "ವದ್ದು" ಅಂದಳು ತೆಲುಗಿನಲ್ಲಿ. ಅವನು ಬೈದ, ದುಡ್ಡು ಹಿಡಿಯುತ್ತೇನೆ ಅಂದ. ಕೂಸು ಹಾಲು ಬಿಡುವ ತನಕ ಅವಳು ಏಳಲಿಲ್ಲ. ಮುಂದೆ ಕೇಕೆ ಹಾಕುತ್ತಿದ್ದ ಐನೂರು ಜನ ಅಷ್ಟು ಹೊತ್ತು ಕಾಯಬೇಕಾಯಿತು.

ಆ ಸ್ಟೇಜಿನ ಹಿಂದೆ ನೋಡಿದ್ದರಿಂದಲೇ ನನಗೆ ಹುಡುಗನ ಪ್ರಶ್ನೆ ಸ್ವಲ್ಪ ಬಿಡಿಸಿತು. ಎಷ್ಟು ಹಾಳು ವ್ಯಾಪಾರವೇ ಆಗಲಿ, ಅದರೊಳಗೆ ಬ್ಯಾಡ ಅನ್ನಬಲ್ಲ ಒಬ್ಬಳು ಇದ್ದಳು. ಅವಳ ಬ್ಯಾಡಕ್ಕೆ ಬೆಲೆ ಕಮ್ಮಿ ಇತ್ತು, ಬೈಗುಳ ಬೀಳುತ್ತಿತ್ತು, ಎಷ್ಟೋ ಸಲ ಅದನ್ನು ತುಳಿದು ಹಾಕುತ್ತಿದ್ದರು. ಆದರೂ ಇತ್ತು. ಯಂತ್ರದ ಹೆಣ್ಣಿನಲ್ಲಿ ಮಾರಾಟಕ್ಕಿರೋದು ಅವಳ ಅಂದವಲ್ಲ ಸ್ವಾಮಿ. ಬ್ಯಾಡ ಅನ್ನೋದಿಲ್ಲ ಅನ್ನೋದೇ ಅವಳ ಬೆಲೆ.

ಈ ದಂಧೆಯ ಲೆಕ್ಕವನ್ನೂ ಮೇಷ್ಟ್ರ ಹತ್ತಿರ ಕೇಳಿ ತಿಳಿದುಕೊಂಡೆ. 2016ರಲ್ಲಿ ಲಂಡನ್ನಿನಲ್ಲಿ ಓನ್ಲಿಫ್ಯಾನ್ಸ್ ಅಂತ ಒಂದು ಕಂಪನಿ ಶುರುವಾಯಿತಂತೆ. ಹೆಣ್ಣುಮಕ್ಕಳು ತಾವೇ ತಮ್ಮ ಚಿತ್ರ ತೆಗೆದು ಹಾಕೋದು, ನೋಡುವವರು ತಿಂಗಳಿಗಿಷ್ಟು ಅಂತ ಕಟ್ಟೋದು. ನೂರು ಬಂದರೆ ಎಂಬತ್ತು ಆಕೆಗೆ, ಇಪ್ಪತ್ತು ಕಂಪನಿಗೆ. ಆ ಕೆಲಸ ಸರಿಯೋ ತಪ್ಪೋ, ರೆಕಾರ್ಡ್ ಡ್ಯಾನ್ಸಿನ ಕಂಟ್ರಾಕ್ಟರ್ ಇಂಥ ಲೆಕ್ಕ ಯಾವತ್ತೂ ಕೊಟ್ಟವನಲ್ಲ. ಏನು ತೋರಿಸೋದು, ಎಲ್ಲಿಗೆ ನಿಲ್ಲಿಸೋದು ಅವಳ ಇಷ್ಟ. ಈಗ ಅದರ ಪಕ್ಕದಲ್ಲೇ ಊಟ ಕೇಳದ, ನಿದ್ದೆ ಮಾಡದ ಯಂತ್ರದ ಹೆಣ್ಣು ಅಂಗಡಿ ಇಟ್ಟಿದೆ. ಹಿಂದೂಪುರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿದವರಿಗೆ ಹೇಳಬೇಕಾಗಿಲ್ಲ, ಹೊರಗಿನ ಅಗ್ಗದ ಮಾಲು ಬಂದರೆ ಗೂಡಿನ ರೇಟು ಏನಾಗುತ್ತೆ ಅಂತ. ಹುಡುಗ ಹೇಳಿದ ಹಾಗೆ ಕೆಲವರು ಆ ಕೆಸರಿನಿಂದ ಹೊರಗೆ ಬರಬಹುದು. ಆದರೆ ಬೇರೆ ದಾರಿ ಇಲ್ಲದವಳು ಏನು ಮಾಡುತ್ತಾಳೆ? ಗಿರಾಕಿ ಉಳಿಯಬೇಕಾದರೆ ನಿನ್ನೆ ಬ್ಯಾಡ ಅಂದಿದ್ದಕ್ಕೆ ಇವತ್ತು ಹೂಂ ಅನ್ನಬೇಕಾಗುತ್ತೆ. ಯಂತ್ರದ ಜೊತೆ ಪೈಪೋಟಿ ಅಂದರೆ ಅದೇ ಅಂತ ನನಗೆ ಕಾಣುತ್ತೆ.

ಇನ್ನೊಂದು ವಿಷಯ, ಬರೆಯೋದಕ್ಕೆ ಸ್ವಲ್ಪ ಸಂಕೋಚ. ಒಬ್ಬೊಬ್ಬನ ಮನಸ್ಸಿನಲ್ಲಿ ಒಂದೊಂದು ಹುಚ್ಚು ಚಪಲ ಇರುತ್ತೆ. ಹಿಂದೆ ಅದನ್ನು ತೀರಿಸಿಕೊಳ್ಳಬೇಕಾದರೆ ಇನ್ನೊಬ್ಬ ಮನುಷ್ಯನ ಮುಂದೆ ಬಾಯಿಬಿಡಬೇಕಿತ್ತು. ಹೇಳೋಕೆ ಹೋಗಿ ಎದುರಿನ ಮುಖ ನೋಡಿ ನಾಚಿಕೊಂಡು ನುಂಗಿದವರೇ ಜಾಸ್ತಿ. ಆ ನಾಚಿಕೆ ಕೆಲವು ಸಲ ಅನ್ಯಾಯದ್ದೂ ಇರಬಹುದು. ಯಾರಿಗೂ ಕೇಡಿಲ್ಲದ ಚಪಲಕ್ಕೂ ಮನುಷ್ಯ ಒಳಗೊಳಗೇ ಸತ್ತಿದ್ದಾನೆ. ಆದರೆ ಕೇಡಿನ ಆಸೆಗೂ ಅದೇ ಬೇಲಿಯಾಗಿತ್ತು. ಯಂತ್ರಕ್ಕೆ ಮುಖವಿಲ್ಲ. ನಾಲ್ಕು ಸಾಲು ಟೈಪು ಮಾಡಿದರೆ ಅಳತೆ ಕೊಟ್ಟು ಹೊಲಿಸಿದ ಅಂಗಿ ಥರ ಕೈಗೆ ಬರುತ್ತೆ. ಹದಿನೈದು ವರ್ಷದ ಹುಡುಗ ಅಂಥದ್ದನ್ನೇ ನೋಡಿ ಬೆಳೆದು, ನಾಳೆ ಒಬ್ಬಳು ನಿಜವಾದ ಹುಡುಗಿ ಬ್ಯಾಡ ಅಂದರೆ ಅವನಿಗೆ ಏನನ್ನಿಸುತ್ತೆ? ಫೋನ್ ಕೆಟ್ಟಿದೆ ಅನ್ನಿಸಿದ ಹಾಗೆ ಅನ್ನಿಸಬಾರದಷ್ಟೇ.

ಇನ್ನು "ಅದರಲ್ಲಿ ಯಾರೂ ಇಲ್ಲ" ಅನ್ನೋ ಮಾತು. ಯಂತ್ರ ಇಂಥ ಚಿತ್ರ ಕಲಿಯೋದು ಹೆಂಗೆ ಅಂತ ಕೇಳಿದೆ. ಇಂಟರ್ನೆಟ್ಟಿನಲ್ಲಿ ಬಿದ್ದಿರುವ ಕೋಟಿಗಟ್ಟಲೆ ಚಿತ್ರಗಳನ್ನು ನೋಡಿ ಕಲಿಯುತ್ತದೆ ಅಂದರು. ಹಿಟ್ಟಿನಲ್ಲಿ ರಾಗಿ ಕಾಳು ಕಾಣೋದಿಲ್ಲ, ಹಂಗಂತ ರಾಗಿಯೇ ಇಲ್ಲ ಅನ್ನೋಕಾಗುತ್ತಾ? ಆ ರಾಶಿಯಲ್ಲಿ ಯಾರ ಮಗಳು, ಯಾರ ಹೆಂಡತಿ ಇದ್ದಾರೋ, ಅವರನ್ನು ಕೇಳಿದವರಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಂಥ ಒಂದು ದೊಡ್ಡ ರಾಶಿಯನ್ನು ಜಾಲಿಸಿ ನೋಡಿದಾಗ, ಅದರೊಳಗೆ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಚಿತ್ರಗಳೂ ಇದ್ದವು ಅಂತ 2023ರ ಡಿಸೆಂಬರಿನಲ್ಲಿ ಹೇಳಿದರು. ಇದನ್ನು ಓದಿದ ದಿನ ನನಗೆ ಮುದ್ದೆ ಇಳಿಯಲಿಲ್ಲ.

ಯಾರ ಮುಖವೂ ಅಲ್ಲದ ಹೆಣ್ಣಿಗೇ ಈ ದಂಧೆ ನಿಲ್ಲೋದೂ ಇಲ್ಲ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣನ ವಿಡಿಯೋ ಗದ್ದಲ ಎಲ್ಲರಿಗೂ ಗೊತ್ತು. ಲಿಫ್ಟಿನೊಳಗೆ ಬರುವ ಹೆಣ್ಣಿನ ಮೈ ಬ್ರಿಟನ್ನಿನಲ್ಲಿರುವ ಭಾರತ ಮೂಲದ ಒಬ್ಬಾಕೆಯದು, ಮುಖ ರಶ್ಮಿಕಾದು. ಇಬ್ಬರನ್ನೂ ಕೇಳಿಲ್ಲ. 2024ರ ಜನವರಿಯಲ್ಲಿ ದಿಲ್ಲಿ ಪೊಲೀಸರು ಹಿಡಿದದ್ದು ನಮ್ಮದೇ ಆಂಧ್ರದ ಗುಂಟೂರು ಕಡೆಯ ಓದಿದ ಹುಡುಗನನ್ನು. ಅವನು ಆಕೆಯ ಅಭಿಮಾನಿಯಂತೆ! ತನ್ನ ಪೇಜಿಗೆ ಜನ ಸೇರಿಸಲು ಹಂಗೆ ಮಾಡಿದ. ಎರಡು ವಾರದಲ್ಲಿ 90,000 ಇದ್ದದ್ದು 1,08,000 ಆಯಿತು ಅಂತ ಪೊಲೀಸರ ಲೆಕ್ಕ. ಇಬ್ಬರು ಹೆಣ್ಣುಮಕ್ಕಳ ಮಾನಕ್ಕೆ ಹದಿನೆಂಟು ಸಾವಿರ ತಲೆ. ರಶ್ಮಿಕಾಗೆ ದನಿ ಇತ್ತು, ದೇಶ ಕೇಳಿತು. ರಾಜಮಹೇಂದ್ರವರದಲ್ಲಿ 2022ರಲ್ಲಿ ಗಂಡ ಹೆಂಡತಿ ಇಬ್ಬರೂ ಪ್ರಾಣ ಕಳೆದುಕೊಂಡರಲ್ಲ, ಫೋನಿನಲ್ಲಿ ಸಾಲ ಕೊಟ್ಟವರು ಹೆಂಡತಿಯ ಫೋಟೋ ಕೆಡಿಸಿ ಹಂಚುತ್ತೇವೆ ಅಂತ ಬೆದರಿಸಿದ್ದಕ್ಕೆ, ಅವರ ದನಿ ಯಾರು ಕೇಳಿದರು? ಅಂಥ ಬೆದರಿಕೆ ಬಂದವರು 1930ಕ್ಕೆ ಫೋನ್ ಮಾಡಿ, ಮನೆಯಲ್ಲೂ ಹೇಳಿ. ಇಂಥ ಕಾಮದ ವಿಡಿಯೋ ಹಂಚಿದವನಿಗೆ ಐಟಿ ಕಾಯ್ದೆಯ 67ಎ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಇದೆ. ಶಾಲೆಯ ಮೇಷ್ಟ್ರುಗಳು ಇದನ್ನು ಹುಡುಗರಿಗೆ ಹೇಳಲಿ, ಹುಡುಗಿಯರಿಗಷ್ಟೇ ಬುದ್ಧಿ ಹೇಳಿ ಕೈ ತೊಳೆದುಕೊಳ್ಳೋದು ಬ್ಯಾಡ.

ನಮ್ಮ ರಾಯದುರ್ಗದ ಕಡೆ ಬಸವಿ ಬಿಡುವ ಪದ್ಧತಿ ಇತ್ತು. ಕರ್ನಾಟಕದಲ್ಲಿ 1982ರಲ್ಲಿ, ಆಂಧ್ರದಲ್ಲಿ 1988ರಲ್ಲಿ ಕಾನೂನು ಮಾಡಿ ನಿಷೇಧಿಸಿದರು. ಹಿರಿಯರು ಆಗ ಹೇಳುತ್ತಿದ್ದದ್ದು ಏನು? "ಅವಳು ದೇವರ ಹೆಣ್ಣು ಕಣಯ್ಯ, ಯಾರ ಮನೆಯವಳೂ ಅಲ್ಲ." ಯಾರ ಮನೆಯವಳೂ ಅಲ್ಲದ ಮೇಲೆ ಯಾರಿಗೆ ನಷ್ಟ, ಅಲ್ಲವೇ? ಮೊಬೈಲ್ ಅಂಗಡಿ ಹುಡುಗನ ಮಾತಿಗೆ ಇಷ್ಟು ವಯಸ್ಸಾಗಿದೆ ಅಂತ ಅವನಿಗೆ ಗೊತ್ತಿಲ್ಲ.

ನನಗೆ ಗೊತ್ತಿರೋದು ಯಾಕೆ ಅಂದರೆ, ಆ ಮಾತು ನಾನೂ ಆಡಿದ್ದೇನೆ.

ಇಪ್ಪತ್ತೈದರ ಆಸುಪಾಸಿನ ವಯಸ್ಸು ನನಗೆ. ಕಾಮನ ಹಬ್ಬಕ್ಕೆ ಹೊಸ ಪೋಲಿ ಪದ ಕಟ್ಟಿದೆ. ಹಳೇ ಪದಗಳಲ್ಲಿ ಯಾವಳೋ ಒಬ್ಬ ಹೆಣ್ಣು ಇರುತ್ತಾಳೆ, ಅವಳಿಗೆ ಊರಿಲ್ಲ ಹೆಸರಿಲ್ಲ. ಜನ ಇನ್ನೂ ನಗಲಿ ಅಂತ ನಾನು ಒಂದು ಹೆಸರು ಹಾಕಿದೆ. ಅಕ್ಕಪಕ್ಕದ ಊರಿನ ಒಬ್ಬಾಕೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಜಾತ್ರೆಗಳಲ್ಲಿ ಕಡ್ಲೆಪುರಿ ಮಾರುತ್ತಿದ್ದಳು. ಅವಳನ್ನೇ ಯಾಕೆ ಆರಿಸಿದೆ? ಕೇಳಲು ಬರುವ ಗಂಡನಿಲ್ಲ, ಅಣ್ಣತಮ್ಮಂದಿರಿಲ್ಲ. ಜೊತೆಯವನೊಬ್ಬ ಬ್ಯಾಡ ಕಣೋ ಅಂದದ್ದಕ್ಕೆ "ಯಾರಿಗೇನು ನಷ್ಟ" ಅಂದಿದ್ದೆ. ಬೆಂಕಿ ಸುತ್ತ ಜನ ಬಿದ್ದು ಬಿದ್ದು ನಕ್ಕರು. ಮಾರನೇ ವಾರಕ್ಕೆ ಪದ ಮೂರು ಊರು ದಾಟಿತ್ತು. ನಾನು ಹಾಡೋದು ಬಿಟ್ಟರೂ ಅದು ಬಿಡಲಿಲ್ಲ, ನಾನು ಕಟ್ಟದೇ ಇದ್ದ ಸಾಲುಗಳೂ ಸೇರಿಕೊಂಡವು. ಆಕೆ ಜಾತ್ರೆಗೆ ಪುರಿ ಮಾರಲು ಬರೋದು ನಿಲ್ಲಿಸಿದಳು. ಬಾವಿಗೆ ಎಲ್ಲರೂ ಹೋಗಿ ಬಂದ ಮೇಲೆ, ಮಟಮಟ ಮಧ್ಯಾಹ್ನ ಹೋಗುತ್ತಿದ್ದಳಂತೆ. ಯಂತ್ರವಿಲ್ಲ, ಕರೆಂಟಿಲ್ಲ, ಬರೀ ಬಾಯಿ.

ಅವಳು ಮಾಡದೇ ಇದ್ದದ್ದನ್ನು ಮಾಡಿದಳು ಅಂತ ಹಾಡಿದ್ದು ಒಂದು ತಪ್ಪು. ಅದಕ್ಕಿಂತ ಮುಂಚಿನ ತಪ್ಪು ಬೇರೆ ಇತ್ತು. ಕೇಳಿದರೆ ಬ್ಯಾಡ ಅನ್ನುತ್ತಾಳೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕೇಳಲಿಲ್ಲ. ಅಸ್ಸಾಮಿನವನೂ ಅಷ್ಟೇ, ಗುಂಟೂರಿನವನೂ ಅಷ್ಟೇ. ಯಾರ ಮುಖವೂ ಅಲ್ಲದ ಹೆಣ್ಣನ್ನು ಕೊಂಡುಕೊಳ್ಳುವವನೂ ಕೇಳದೇ ಪಡೆಯುವ ರುಚಿಗೇ ದುಡ್ಡು ಕಟ್ಟುತ್ತಾನೆ ಅಂತ ನನ್ನ ಅನುಮಾನ.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ. "ರೆಕಾರ್ಡ್ ಡ್ಯಾನ್ಸ್ ನಿಂತರೆ ಒಳ್ಳೇದೇ ಅಲ್ವಾ ತಾತ" ಅಂದ. ನಿಂತರೆ ಒಳ್ಳೇದೇ, ಅದರಲ್ಲಿ ಅವನ ಮಾತು ಸರಿ. ಆದರೆ ಆ ಕೂಸಿನ ತಾಯಿಗೆ ಬೇರೆ ಕೂಲಿ ಕೊಟ್ಟು ನಿಲ್ಲಿಸಬೇಕು, ಅವಳ ಜಾಗಕ್ಕೆ ಗೊಂಬೆ ತಂದು ನಿಲ್ಲಿಸೋದರಿಂದ ಮುಂದೆ ಕೂತ ಐನೂರು ಜನ ಬದಲಾಗೋದಿಲ್ಲ ಅಂದೆ. ಅವನು ಯೋಚನೆ ಮಾಡ್ತೀನಿ ಅಂದ. ಮಾಡಲಿ.

ಈ ಬರಹ ಕೊಡುವ ಮೊದಲು ಕಡ್ಲೆಪುರಿ ಮಾರುತ್ತಿದ್ದ ಆಕೆಯ ಮನೆಗೆ ಹೋಗಿದ್ದೆ. ಈಗ ಎಂಬತ್ತರ ಹತ್ತಿರ. ಕಣ್ಣು ಮಂಜು, ಕಿವಿ ಚುರುಕು. ನಲವತ್ತು ವರ್ಷದ ಮೇಲೆ ತಪ್ಪಾಯ್ತಕ್ಕ ಅಂದೆ. ಅದಕ್ಕೆ ಏನೂ ಹೇಳಲಿಲ್ಲ. ಆ ಪದದ ವಿಷಯ ಪುಸ್ತಕದಲ್ಲಿ ಬರೀಲಾ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು.

"ಬರಿ. ಹೆಸರು ಬ್ಯಾಡ" ಅಂದಳು. "ಅವತ್ತು ಕೇಳಿದ್ರೂ ಇಷ್ಟೇ ಹೇಳ್ತಿದ್ದೆ ಕಣಪ್ಪ."

ಹೆಸರು ಹಾಕಿಲ್ಲ.