ಬೇಡ ಎನ್ನುವುದಕ್ಕೂ ಲೆಕ್ಕ ಬೇಕು

ಒಳ್ಳೆಯ ಕೆಲಸಕ್ಕೆಂದು ಹಣ ಕೇಳಿ ಬಂದವರ ಬಳಿ ಲೆಕ್ಕ ಕೇಳಲು ಬಹಳ ಮಂದಿಗೆ ಸಂಕೋಚ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು ಬಂದವರನ್ನು ‘ಹೋದ ವರ್ಷ ಕೊಟ್ಟಿದ್ದು ಏನಾಯಿತು?’ ಎಂದು ಕೇಳಿದವನು ಆ ಕ್ಷಣವೇ ಜಿಪುಣನಾಗಿಬಿಡುತ್ತಾನೆ. ಕೇಳಿದ್ದು ಶಾಲೆಗಾದರೆ ಇನ್ನೂ ಕಷ್ಟ. ಮಕ್ಕಳನ್ನು ಮುಂದಿಟ್ಟು ಕೇಳಿದ ಹಣಕ್ಕೆ ಬೇಡ ಎಂದವನಿಗೆ ಕಲ್ಲೆದೆಯವನೆಂಬ ಹೆಸರು ಖಾತ್ರಿ. ಅಮೆರಿಕದ ಓಹಾಯೊ ರಾಜ್ಯದಲ್ಲಿ ಮನೆ ಮಾಡಿಕೊಂಡವರು ಈ ಇಕ್ಕಟ್ಟನ್ನು ನಾಲ್ಕಾರು ವರ್ಷಕ್ಕೊಮ್ಮೆ ಮತಗಟ್ಟೆಯಲ್ಲೇ ಎದುರಿಸುತ್ತಾರೆ.

ಅಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಶಾಲಾ ಜಿಲ್ಲೆಗಳು. ಪ್ರತಿ ಜಿಲ್ಲೆಗೂ ಜನರೇ ಆರಿಸಿದ ಒಂದು ಸ್ಕೂಲ್ ಬೋರ್ಡ್ ಇರುತ್ತದೆ. ರಾಜ್ಯ ಕೊಡುವ ಹಣ ಸಾಲದಾದಾಗ ಬೋರ್ಡು ಆಸ್ತಿ ತೆರಿಗೆಯ ಕಡೆ ಕೈ ಚಾಚುತ್ತದೆ. ಆದರೆ ಸಣ್ಣದೊಂದು ಮಿತಿ ದಾಟಿದರೆ ಮತದಾರರ ಒಪ್ಪಿಗೆ ಬೇಕೇ ಬೇಕು. ಹೀಗೆ ಮತಕ್ಕಿಟ್ಟು ಪಡೆಯುವ ತೆರಿಗೆಗೆ ‘ಲೆವಿ’ ಎನ್ನುತ್ತಾರೆ. ಅದರ ಅಳತೆ ‘ಮಿಲ್’: ತೆರಿಗೆಗೆ ಒಳಪಡುವ ಮೌಲ್ಯದಲ್ಲಿ ಸಾವಿರ ಡಾಲರಿಗೆ ಒಂದು ಡಾಲರ್. ಆ ಮೌಲ್ಯ ಮನೆಯ ಮಾರುಕಟ್ಟೆ ಬೆಲೆಯ ಶೇ 35. ಅಂದರೆ ಒಂದು ಲಕ್ಷ ಡಾಲರ್ ಬೆಲೆಯ ಮನೆಗೆ ಒಂದು ಮಿಲ್ ಲೆವಿ ಬಿದ್ದರೆ ವರ್ಷಕ್ಕೆ 35 ಡಾಲರ್. ಬ್ಯಾಲೆಟ್ ಹಾಳೆಯ ಮೇಲೆ ಪುಟ್ಟದಾಗಿ ಕಾಣುವ ಅಂಕಿ ಮನೆಯ ಖರ್ಚಿನ ಪಟ್ಟಿಗೆ ಇಳಿದಾಗ ಪುಟ್ಟದಾಗಿ ಉಳಿಯುವುದಿಲ್ಲ.

2013ರ ನವೆಂಬರಿನಲ್ಲಿ ರಾಜಧಾನಿ ಕೊಲಂಬಸ್‌ನ ಶಾಲಾ ಜಿಲ್ಲೆ 9.01 ಮಿಲ್ ಕೇಳಿತು. ಆಗ ಸುಮಾರು 50,000 ಮಕ್ಕಳಿದ್ದ, ರಾಜ್ಯದಲ್ಲೇ ದೊಡ್ಡ ಜಿಲ್ಲೆ ಅದು. ಎರಡು ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ ಸುಮಾರು 630 ಡಾಲರ್ ಹೊಸ ಹೊರೆ. ಅದುವರೆಗೆ ಸ್ವಂತ ಮನೆಯಲ್ಲಿ ವಾಸಿಸುವವರ ಲೆವಿಯಲ್ಲಿ ಶೇ 12.5ರಷ್ಟನ್ನು ರಾಜ್ಯವೇ ಭರಿಸುತ್ತಿತ್ತು. ಅದೇ ವರ್ಷದ ರಾಜ್ಯ ಬಜೆಟ್ ಹೊಸ ಲೆವಿಗಳಿಗೆ ಆ ಸೌಲಭ್ಯವನ್ನು ನಿಲ್ಲಿಸಿತ್ತು. ಹಾಗಾಗಿ ಪೂರ್ತಿ ಮೊತ್ತ ಮಾಲೀಕನ ತಲೆಯ ಮೇಲೆಯೇ. ಮೇಯರ್ ಲೆವಿಯ ಪರ ನಿಂತರು. ಊರಿನ ದೊಡ್ಡ ಉದ್ಯಮಿಗಳೂ ನಿಂತರು. ಫಲಿತಾಂಶ ಬಂದಾಗ ಹತ್ತರಲ್ಲಿ ಹೆಚ್ಚುಕಡಿಮೆ ಏಳು ಮಂದಿ ಬೇಡ ಎಂದಿದ್ದರು.

ಆ ಊರಿನವರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆ? ಹಿಂದಿನ ವರ್ಷವಷ್ಟೇ ಅಲ್ಲಿ ಹಾಜರಿ ಹಗರಣ ಬಯಲಾಗಿತ್ತು. ವರ್ಷವಿಡೀ ಸತತವಾಗಿ ದಾಖಲಾಗಿದ್ದ ಮಕ್ಕಳ ಫಲಿತಾಂಶ ಮಾತ್ರ ಶಾಲೆಯ ಶ್ರೇಣಿಗೆ ಲೆಕ್ಕವಾಗುತ್ತದೆ ಎಂಬ ನಿಯಮವನ್ನು ಬಳಸಿಕೊಂಡು, ಮಕ್ಕಳನ್ನು ಕಡತದಲ್ಲಿ ಶಾಲೆ ಬಿಟ್ಟವರೆಂದು ತೋರಿಸಿ ಮತ್ತೆ ಸೇರಿಸಿಕೊಂಡಿದ್ದರು. ಹಿಂದುಳಿದ ಮಗು ಹೀಗೆ ಲೆಕ್ಕದಿಂದಲೇ ಮಾಯವಾಗುತ್ತಿತ್ತು. ರಾಜ್ಯದ ಲೆಕ್ಕಪರಿಶೋಧಕರ ತನಿಖೆ ನಡೆಯಿತು. ಆಮೇಲೆ ಕೆಲವರ ಮೇಲೆ ಮೊಕದ್ದಮೆಗಳೂ ಆದವು. ಮಕ್ಕಳ ಲೆಕ್ಕವನ್ನೇ ತಿದ್ದಿದ ಕಚೇರಿ, ಹಣದ ಲೆಕ್ಕ ಸರಿಯಾಗಿಡುತ್ತೇನೆ ನಂಬಿ ಎಂದು ಕೇಳಿದರೆ ಯಾರು ನಂಬಿಯಾರು? ಅಂದು ಬೇಡ ಎಂದವರ ಪರವೇ ನಾನು. ಉದ್ದೇಶ ಒಳ್ಳೆಯದೆಂಬುದು ಲೆಕ್ಕ ಕೊಡದಿರಲು ರಿಯಾಯಿತಿ ಅಲ್ಲ. ಮಕ್ಕಳ ಹೆಸರಿನಲ್ಲಿ ಕೇಳುವ ಹಣಕ್ಕೆ ಲೆಕ್ಕ ಇನ್ನಷ್ಟು ಬಿಗಿಯಾಗಿರಬೇಕು, ಏಕೆಂದರೆ ಪೋಲಾದರೆ ನಷ್ಟ ತುಂಬಿಕೊಡಿ ಎಂದು ಬಂದು ಕೇಳಲು ಆ ಮಕ್ಕಳಿಗೆ ಮತವೂ ಇಲ್ಲ, ದನಿಯೂ ಇಲ್ಲ.

ಲೆವಿ ಪರ ವಾದಿಸುವವರ ಕೈಯಲ್ಲಿ ಗಟ್ಟಿ ಮಾತೊಂದಿದೆ, ಅದನ್ನು ಮುಚ್ಚಿಡಬಾರದು. 1976ರಲ್ಲಿ ಓಹಾಯೊ ಒಂದು ಕಾನೂನು ಮಾಡಿತು. ಮನೆಗಳ ಬೆಲೆ ಏರಿದಾಗ ಹಳೆಯ ಲೆವಿಯ ದರ ತಾನಾಗಿ ಇಳಿಯುತ್ತದೆ; ಶಾಲೆಗೆ ಮೊದಲು ಎಷ್ಟು ಬರುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಡೀಸೆಲ್ ತುಟ್ಟಿಯಾಯಿತು, ಸಂಬಳ ಏರಿತು, ಆರೋಗ್ಯ ವಿಮೆ ಏರಿತು. ಲೆವಿಯ ಹುಟ್ಟುವಳಿ ಮಾತ್ರ ನಿಂತಲ್ಲೇ ನಿಂತಿತು. ಆದ್ದರಿಂದ ಪದೇ ಪದೇ ಜನರ ಬಳಿ ಬರಬೇಕಾಗುತ್ತದೆ, ಇದು ದುರಾಸೆಯಲ್ಲ ಎನ್ನುತ್ತಾರೆ. ನಿಜವೇ. ಆದರೆ ಪದೇ ಪದೇ ಬರಬೇಕಾಗಿರುವುದರಿಂದಲೇ ಪದೇ ಪದೇ ಲೆಕ್ಕ ಒಪ್ಪಿಸಬೇಕಾಗಿಯೂ ಇದೆ. ಆ ಕಾನೂನು ಜನರ ಕೈಗೆ ಕೊಟ್ಟ ಲಗಾಮು ಅದೊಂದೇ. ಜೊತೆಗೆ ಇನ್ನೊಂದು ವಿವರ: ಶಾಲೆಯ ದರ ಇಳಿಯುತ್ತಾ 20 ಮಿಲ್‌ಗೆ ಬಂದರೆ ಅಲ್ಲಿಗೆ ನಿಲ್ಲುತ್ತದೆ. ಆ ಮಟ್ಟ ಮುಟ್ಟಿದ ಜಿಲ್ಲೆಯಲ್ಲಿ ಮನೆಯ ಬೆಲೆ ಏರಿದಾಗ ಯಾವ ಮತದಾನವೂ ಇಲ್ಲದೆ ಶಾಲೆಯ ಆದಾಯ ಏರಬಹುದು. ತನ್ನ ಜಿಲ್ಲೆ ಈ ಎರಡರಲ್ಲಿ ಯಾವ ಕಡೆ ಇದೆ ಎಂದು ತಿಳಿಯದೆ ಬೇಕು ಎಂದರೂ ಕುರುಡು, ಬೇಡ ಎಂದರೂ ಕುರುಡು.

ಹೊಣೆಯಿಂದ ಬೇಡ ಎನ್ನುವವನು ಮೊದಲು ಓದಬೇಕಾದ್ದು ಜಿಲ್ಲೆಯ ಮುನ್ನೋಟದ ಲೆಕ್ಕಪತ್ರ. ಮುಂದಿನ ವರ್ಷಗಳ ಆದಾಯ, ಖರ್ಚು ಹೇಗಿರಬಹುದು ಎಂದು ಪ್ರತಿ ಜಿಲ್ಲೆಯೂ ರಾಜ್ಯಕ್ಕೆ ಸಲ್ಲಿಸಲೇಬೇಕು. ಅದು ಯಾರು ಬೇಕಾದರೂ ನೋಡಬಹುದಾದ ದಾಖಲೆ. ಅದರಲ್ಲಿ ಮೂರು ಸಾಲು ಮುಖ್ಯ. ಮೊದಲನೆಯದು ಸಂಬಳ ಮತ್ತು ಸವಲತ್ತು. ಶಾಲೆಯ ಖರ್ಚಿನ ದೊಡ್ಡ ಪಾಲು ಅಲ್ಲೇ ಹೋಗುತ್ತದೆ, ಅದು ತಪ್ಪಲ್ಲ, ಕಲಿಸುವವರು ಮನುಷ್ಯರೇ ತಾನೆ. ಆದರೆ ಸಂಬಳದ ಒಪ್ಪಂದಕ್ಕೆ ಸಹಿ ಹಾಕಿದ್ದು ಯಾವಾಗ, ಆಗ ಕೈಯಲ್ಲಿ ಹಣವಿತ್ತೆ, ಅಥವಾ ಜನ ಹೇಗೂ ಕೊಡುತ್ತಾರೆ ಎಂದು ಹಾಕಿದ್ದೆ? ಎರಡನೆಯದು ಉಳಿಕೆ. ಕೈಯಲ್ಲಿ ಎಷ್ಟು ತಿಂಗಳಿಗೆ ಸಾಕಾಗುವ ಹಣವಿಟ್ಟುಕೊಂಡು ಕೇಳುತ್ತಿದ್ದಾರೆ? ಮೂರನೆಯದು ಒಮ್ಮೆ ಮಾತ್ರ ಬರುವ ಹಣ.

ಈ ಮೂರನೆಯದಕ್ಕೆ ಇತ್ತೀಚಿನ ದೊಡ್ಡ ಪಾಠ ಕೋವಿಡ್ ಕಾಲದ್ದು. 2020–21ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಶಾಲೆಗಳಿಗೆ ಮೂರು ಕಂತಿನಲ್ಲಿ ಸುಮಾರು 19,000 ಕೋಟಿ ಡಾಲರ್ ಕೊಟ್ಟಿತು. ಕೊನೆಯ ಕಂತನ್ನು ಯಾವುದಕ್ಕೆ ಎಂದು ಗೊತ್ತುಪಡಿಸಲು 2024ರ ಸೆಪ್ಟೆಂಬರ್ 30 ಗಡುವು. ಗಡುವು ಮೊದಲ ದಿನದಿಂದಲೇ ಎಲ್ಲರಿಗೂ ಗೊತ್ತಿತ್ತು. ಕಿಟಕಿ ರಿಪೇರಿಗೆ, ಗಾಳಿಯಾಡುವ ವ್ಯವಸ್ಥೆಗೆ, ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳ ಬೇಸಿಗೆ ತರಗತಿಗೆ ಹಾಕಿದ ಜಿಲ್ಲೆಗಳು ಬಚಾವಾದವು. ಕಾಯಂ ಹುದ್ದೆಗಳನ್ನು ತುಂಬಿಕೊಂಡ ಜಿಲ್ಲೆಗಳಿಗೆ ಹಣ ನಿಂತ ಮೇಲೂ ಸಂಬಳ ನಿಲ್ಲಲಿಲ್ಲ. ಅಂಥ ಕಂದಕ ತುಂಬಲು ಲೆವಿ ತಂದರೆ, ಆಸ್ತಿ ತೆರಿಗೆ ಕಟ್ಟುವವನು ಕೇಳಬೇಕಾದ ಪ್ರಶ್ನೆ ಒಂದೇ: ಹೋಗುವ ದಾರಿಯ ಕೊನೆ ಕಾಣುತ್ತಿದ್ದರೂ ಗಾಡಿ ಓಡಿಸಿದ್ದು ಯಾಕೆ? ‘ತುರ್ತು ಲೆವಿ’ ಎಂಬ ಹೆಸರಿನಲ್ಲಿ ಬಂದು, ನವೀಕರಣವಾಗುತ್ತಾ ಹೋಗಿ ಕಾಯಂ ಆದ ತೆರಿಗೆಗಳೂ ಓಹಾಯೊದಲ್ಲಿ ಉಂಟು. ತುರ್ತು ತೀರಿತೇ ಎಂದು ನಡುವೆ ಯಾರಾದರೂ ಕೇಳಲೇಬೇಕಲ್ಲ?

ಲೆವಿ ಸೋತರೆ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದನ್ನೂ ಬೇಡ ಎನ್ನುವವನು ತಿಳಿದಿರಬೇಕು. ಎಂಟನೇ ತರಗತಿಯವರೆಗೆ, ಶಾಲೆಯಿಂದ ಎರಡು ಮೈಲಿಗಿಂತ ದೂರವಿರುವ ಮಕ್ಕಳಿಗೆ ಬಸ್ಸು ಕೊಡುವುದು ಅಲ್ಲಿ ಕಾನೂನು. ಹೈಸ್ಕೂಲ್ ಮಕ್ಕಳಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಲೆವಿ ಸೋತ ಜಿಲ್ಲೆಗಳು ಮೊದಲು ಕೈ ಹಾಕುವುದು ಹೈಸ್ಕೂಲ್ ಬಸ್ಸಿಗೆ, ಆಟೋಟಕ್ಕೆ, ಸಂಗೀತಕ್ಕೆ. ತಂದೆತಾಯಿಯ ಕಣ್ಣಿಗೆ ತಕ್ಷಣ ಬೀಳುವ ಕಡಿತಗಳು ಇವು. ಆಡಳಿತ ಕಚೇರಿಯ ಹುದ್ದೆಗಳಿಗೆ ಅಷ್ಟು ಬೇಗ ಕತ್ತರಿ ಬೀಳುವುದು ಕಡಿಮೆ. ಇದೂ ಒಂದು ಬಗೆಯ ಒತ್ತಡವೇ. ಅದಕ್ಕೆ ಮಣಿಯುವ ಬದಲು ಕಡಿತದ ಪಟ್ಟಿಯನ್ನು ಮತದಾನಕ್ಕೆ ಮೊದಲೇ ಪ್ರಕಟಿಸಿ ಎಂದು ಕೇಳುವುದು ಸರಿಯಾದ ದಾರಿ. ಕಡಿತ ಎಲ್ಲಿಂದ ಶುರುವಾಗುತ್ತದೆ ಎಂದು ನೋಡಿದರೆ ಬೋರ್ಡು ಯಾವುದನ್ನು ಮುಖ್ಯವೆಂದು ತಿಳಿದಿದೆ ಎಂಬುದು ತಿಳಿಯುತ್ತದೆ.

ಎಲ್ಲ ಊರಿನ ‘ಬೇಡ’ವೂ ಒಂದೇ ತೂಕದ್ದಲ್ಲ. 1997ರಲ್ಲಿ ಓಹಾಯೊದ ಸುಪ್ರೀಂ ಕೋರ್ಟ್, ಡೆರಾಲ್ಫ್ ಪ್ರಕರಣದಲ್ಲಿ, ಶಾಲೆಗಳನ್ನು ಆಸ್ತಿ ತೆರಿಗೆಯ ಮೇಲೆ ಇಷ್ಟು ಭಾರ ಹಾಕಿ ನಡೆಸುವುದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು 4–3ರ ಬಹುಮತದಿಂದ ತೀರ್ಪು ಕೊಟ್ಟಿತು. ಶ್ರೀಮಂತ ಉಪನಗರದಲ್ಲಿ ಒಂದು ಮಿಲ್ ಹುಟ್ಟಿಸುವ ಹಣವನ್ನು ಕಲ್ಲಿದ್ದಲ ಸೀಮೆಯ ಬಡ ಊರು ನಾಲ್ಕಾರು ಮಿಲ್ ಹಾಕಿಕೊಂಡರೂ ಹುಟ್ಟಿಸಲಾರದು. ಅಂಥ ಊರಲ್ಲಿ ಬೋರ್ಡನ್ನು ಮಾತ್ರ ಬೈದು ಸುಮ್ಮನಾದರೆ ನಿಜವಾದ ಸಾಲಗಾರ ತಪ್ಪಿಸಿಕೊಂಡಂತೆ. ಅಲ್ಲಿ ಪ್ರಶ್ನೆ ರಾಜ್ಯದ ಶಾಸಕರ ಬಾಗಿಲಿಗೆ ಹೋಗಬೇಕು.

ಕನ್ನಡದ ಓದುಗನಿಗೆ ಇದು ದೂರದ ಊರಿನ ಸುದ್ದಿ ಅನ್ನಿಸಬಹುದು. ನಾವೂ ಆಸ್ತಿ ತೆರಿಗೆಯ ಜೊತೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3 ಎಂದು ಸೆಸ್ ಕಟ್ಟುತ್ತೇವೆ. ಅದಕ್ಕೆ ನಮ್ಮ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಹಾಗೆ ಸಂಗ್ರಹಿಸಿದ ಗ್ರಂಥಾಲಯದ ಪಾಲನ್ನು ಗ್ರಂಥಾಲಯಕ್ಕೆ ಕೊಡದೆ ಪಾಲಿಕೆ ಬಾಕಿ ಉಳಿಸಿಕೊಂಡ ಸುದ್ದಿ ಬೆಂಗಳೂರಿಗೆ ಹೊಸದಲ್ಲ. ಆದಾಯ ತೆರಿಗೆಯ ಮೇಲೆ 2007ರಿಂದ ಶೇ 1ರಂತೆ ವಸೂಲಾದ ಮಾಧ್ಯಮಿಕ ಮತ್ತು ಉನ್ನತ ಶಿಕ್ಷಣ ಸೆಸ್‌ಗೆ ಪ್ರತ್ಯೇಕ ನಿಧಿ ತೆರೆಯಲು ಕೇಂದ್ರ ಸಂಪುಟ ಒಪ್ಪಿದ್ದು 2017ರಲ್ಲಿ. ಹತ್ತು ವರ್ಷ ಹಣ ಬಂತು, ಡಬ್ಬಿ ಇರಲಿಲ್ಲ. ಓಹಾಯೊದ ಮತದಾರನಿಗೆ ಇರುವ ಹಕ್ಕು ಎಷ್ಟು ದೊಡ್ಡದು ಎಂಬುದು ಇಲ್ಲಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ. ಕೊಲಂಬಸ್ ಸುತ್ತಲ ಊರುಗಳಲ್ಲಿ ಮನೆ ಕೊಂಡ, ಇನ್ನೂ ಅಲ್ಲಿನ ಪೌರತ್ವ ಸಿಗದ ಕನ್ನಡಿಗರ ಸ್ಥಿತಿ ಇವೆರಡರ ನಡುವಿನದು. ಲೆವಿ ಗೆದ್ದರೆ ತೆರಿಗೆ ಕಟ್ಟಬೇಕು, ಮತ ಹಾಕುವಂತಿಲ್ಲ. ಅವರಿಗೆ ಉಳಿದಿರುವುದು ಬೋರ್ಡಿನ ಬಹಿರಂಗ ಸಭೆಗೆ ಹೋಗಿ ಎದ್ದು ನಿಂತು ಕೇಳುವುದು. ಮತಕ್ಕಿಂತ ಪ್ರಶ್ನೆಯೇ ಹೆಚ್ಚು ಕೆಲಸ ಮಾಡುವ ಸಂದರ್ಭಗಳೂ ಇರುತ್ತವೆ.

ಕೊಲಂಬಸ್‌ನಲ್ಲಿ ಸೋಲಿನ ನಂತರ ಕೆಲವು ಶಾಲಾ ಕಟ್ಟಡಗಳು ಮುಚ್ಚಿದವು, ಹುದ್ದೆಗಳು ಕಡಿಮೆಯಾದವು. 2016ರ ನವೆಂಬರಿನಲ್ಲಿ ಜಿಲ್ಲೆ ಮತ್ತೆ ಜನರ ಮುಂದೆ ಬಂತು; ಈ ಸಲ ಕೇಳಿದ್ದು 6.92 ಮಿಲ್. ಅದೇ ಊರು ಬೇಕು ಎಂದಿತು. ಮೂರು ವರ್ಷದ ಹಿಂದಿನ ‘ಬೇಡ’ ಶಾಲೆಯ ಬಾಗಿಲು ಮುಚ್ಚಲು ಹಾಕಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೂ 2013ರ ಮತದಲ್ಲಿ ಒಂದು ಕೊರತೆ ಇತ್ತು. ಲೆವಿಯ ಜೊತೆಗೇ ಸ್ವತಂತ್ರ ಲೆಕ್ಕಪರಿಶೋಧಕರ ಹುದ್ದೆಯ ಪ್ರಸ್ತಾವವೂ ಮತಕ್ಕೆ ಬಂದಿತ್ತು, ಜನ ಅದನ್ನೂ ಸೋಲಿಸಿದರು. ಹಣದ ಮೇಲೆ ಕಾವಲು ಬೇಕು ಎನ್ನುವವರೇ ಕಾವಲುಗಾರನನ್ನೂ ಬೇಡ ಎಂದರೆ, ಕೋಪಕ್ಕೂ ಹೊಣೆಗಾರಿಕೆಗೂ ನಡುವಿನ ಗೆರೆ ಅಳಿಸಿಹೋಗುತ್ತದೆ.

ಆದ್ದರಿಂದ ಲೆವಿಗೆ ಬೇಡ ಎಂದವನ ಕೆಲಸ ಮತದಾನದ ಸಂಜೆಗೆ ಮುಗಿಯುವುದಿಲ್ಲ. ಯಾವ ಖರ್ಚು ಇಳಿದರೆ, ಯಾವ ಲೆಕ್ಕ ತೆರೆದಿಟ್ಟರೆ ಮುಂದಿನ ಸಲ ಬೇಕು ಎನ್ನುತ್ತೇನೆ ಎಂದು ಅವನು ಬೋರ್ಡಿನ ಮುಂದೆ ಹೆಸರು ಹೇಳಿ ದಾಖಲಿಸಬೇಕು. ಬೋರ್ಡು ಆ ಷರತ್ತುಗಳನ್ನು ಪೂರೈಸಿದ ಮೇಲೂ ಅವನು ಬೇಡ ಎಂದೇ ಒತ್ತಿದರೆ, ಅವನ ಆಕ್ಷೇಪ ಲೆಕ್ಕದ ಬಗ್ಗೆ ಇರಲೇ ಇಲ್ಲ ಎಂದು ಊರು ತೀರ್ಮಾನಿಸಿದರೆ ತಪ್ಪಿಲ್ಲ.