ಹಿಮದ ಮೇಲಿನ ಓಟವೂ ಶರಣರ ಕಾಯಕವೂ

ದೇಹಶ್ರಮವೆಲ್ಲವೂ ಕಾಯಕವೆ? ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ಚಳಿಗಾಲದ ಮುಂಜಾವಿನಲ್ಲಿ ಓಡುತ್ತ ಏರುವ ತರುಣರನ್ನು ಕಂಡಾಗ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹೊಸ ಹಿಮ ಬಿದ್ದ ಪರ್ವತದ ಹಾದಿಯಲ್ಲಿ ಓಡುವ ಸಾಹಸಿಗಳೂ ಜಗತ್ತಿನಲ್ಲಿ ಉಂಟು.

ಹಿಮಗಿರಿಯು ವೀರಶೈವರಿಗೆ ಅಪರಿಚಿತವಲ್ಲ. ಪಂಚಪೀಠಗಳಲ್ಲಿ ಒಂದಾದ ಹಿಮವತ್ಕೇದಾರವು ಸುಮಾರು 3,583 ಮೀಟರ್ ಎತ್ತರದಲ್ಲಿದೆ; ಚಳಿಗಾಲದಲ್ಲಿ ಅಲ್ಲಿಯ ದೇಗುಲವನ್ನು ಮುಚ್ಚಿ, ಪೂಜೆಯನ್ನು ಊಖೀಮಠದಲ್ಲಿ ನಡೆಸುವರು. ಅಷ್ಟು ಎತ್ತರದಲ್ಲಿ ಉಸಿರಿಗೆ ದೊರೆಯುವ ಪ್ರಾಣವಾಯು ಕಡಲತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲಿನಷ್ಟೇ. ಹೊಸ ಹಿಮವು ಕಲ್ಲನ್ನೂ ಕುಳಿಯನ್ನೂ ಒಂದೇ ಬಿಳುಪಿನಿಂದ ಮರೆಮಾಡುತ್ತದೆ. ಅಂಥಲ್ಲಿ ಓಡುವವನಿಗೆ ಬಲಕ್ಕಿಂತ ಎಚ್ಚರವೇ ಆಧಾರ.

ಆದರೂ ಇದು ಕಾಯಕವಲ್ಲ. ಬೆವರು ಹರಿದ ಮಾತ್ರಕ್ಕೆ ಕಾಯಕವಾಗದು. ಅದರ ಫಲ ದಾಸೋಹಕ್ಕೆ ಸಲ್ಲಬೇಕು. ಬಿರುದಿಗಾಗಿ ಓಡಿದವನ ಶ್ರಮವು ಅವನಲ್ಲಿಯೇ ಮುಗಿಯುತ್ತದೆ. ಹಾಗೆಂದು ಅದನ್ನು ಹಳಿಯಬೇಕಾಗಿಲ್ಲ. ದೃಢವಾದ ದೇಹವಿದ್ದರಲ್ಲವೆ ಕಾಯಕ?

ನಿಜವಾದ ಪರೀಕ್ಷೆ ಬರುವುದು ಜೊತೆಗಾರನು ಕಾಲು ಉಳುಕಿ ಬಿದ್ದಾಗ. ಓಟ ನಿಂತೊಡನೆ ಬೆವರಿನಿಂದ ತೊಯ್ದ ಬಟ್ಟೆ ತಣ್ಣಗಾಗಿ ಮೈಯ ಕಾವನ್ನು ಹೀರುತ್ತದೆ. ಒಂಟಿಯಾಗಿ ಬಿಟ್ಟರೆ ಅವನ ಪ್ರಾಣಕ್ಕೇ ಅಪಾಯ. ಆಗ ಗೆಲುವನ್ನು ತೊರೆದು ನಿಂತು, ಅವನಿಗೆ ತನ್ನ ಹೊದಿಕೆಯನ್ನು ಹೊದಿಸಿದವನ ಶ್ರಮವು ದಾಸೋಹವಾಗುತ್ತದೆ. ಗೃಹಸ್ಥರಾದ ನಮಗೂ ಇದೇ ಅಳತೆ. ಅಂಗಡಿಯಲ್ಲಾಗಲಿ ಹೊಲದಲ್ಲಾಗಲಿ, ಬಿದ್ದವನನ್ನು ಕಂಡೂ ನಿಲ್ಲದ ವೇಗವು ಶರಣಪಥದ ನಡೆಯಲ್ಲ.